ಐವರು ಒಂದೇ ಸಾಲಿನಲ್ಲಿ

ಮೊದಲು ಕೆಳಗೆ ಬಿದ್ದವರು ಮುರಳಿಮೋಹನ್. ಚಿಂತಾಮಣಿಯ ಆ ಖಾಸಗಿ ಕಾಲೇಜಿಗೆ ಬೆಳ್ಳಿಹಬ್ಬ. ಹಳೆಯ ವಿದ್ಯಾರ್ಥಿಗಳಿಗೆಲ್ಲ ಹೋಗಬೇಕಿದ್ದ ಇ-ಮೇಲ್ ಆಹ್ವಾನವನ್ನು ಆಫೀಸಿನ ಅಮೃತ ಪರೀಕ್ಷೆಗೆಂದು ಕಾರ್ಯದರ್ಶಿ ದಕ್ಷಿಣಾಮೂರ್ತಿಯವರ ಫೋನಿಗೆ ಕಳಿಸಿದ್ದಳು. ಕಾಲೇಜು ಕಟ್ಟಿದ ಅಧ್ಯಾಪಕರು ದಕ್ಷಿಣಾಮೂರ್ತಿಯವರೂ ಸೇರಿ ಐವರು, ಅವರ ಹೆಸರುಗಳು ಸೇರಿದ ತಾರೀಖಿನ ಪ್ರಕಾರ ಒಂದೇ ಸಾಲಿನಲ್ಲಿ. ಕಂಪ್ಯೂಟರಿನಲ್ಲಿ ನೆಟ್ಟಗಿದ್ದ ಸಾಲು ಫೋನಿನಲ್ಲಿ ಮುರಿದು, ಐದನೆಯ ಹೆಸರು ಕೆಳಗಿಳಿದು ಒಂಟಿಯಾಗಿ ನಿಂತಿತ್ತು. ಆ ಐದನೆಯವರಾದ ಮುರಳಿಮೋಹನ್ ಕಾರ್ಯದರ್ಶಿಗಳ ಹೆಂಡತಿಯ ತಮ್ಮ. ಅವರನ್ನು ಎಲ್ಲರಿಗಿಂತ ಕೆಳಗೆ ಕೂರಿಸಿದರೆ ಮನೆಯಲ್ಲಿ ತಾನು ಏನು ಹೇಳಲಿ ಎಂದು ದಕ್ಷಿಣಾಮೂರ್ತಿ ಅರ್ಧ ಗಂಟೆ ಕೂಗಾಡಿದರು.

ನಿಜ ಹೇಳಬೇಕೆಂದರೆ ತಪ್ಪು ಅವರ ಫೋನಿನದು. ಕಣ್ಣಿಗೆ ಸಾಲುವುದಿಲ್ಲವೆಂದು ಅಕ್ಷರಗಳನ್ನು ದೊಡ್ಡದು ಮಾಡಿಸಿಕೊಂಡಿದ್ದರು. ಆದರೆ ಮೂರು ವರ್ಷದಿಂದ ತಾತ್ಕಾಲಿಕ ಕೆಲಸದಲ್ಲೇ ಉಳಿದಿರುವ ಹುಡುಗಿ, ನಿಮ್ಮ ಕಣ್ಣು ಸರಿಯಿಲ್ಲ ಸಾರ್ ಎಂದು ಕಾರ್ಯದರ್ಶಿಗೆ ಹೇಳಲು ಸಾಧ್ಯವೆ? ಅಮೃತ ಕೋಡ್ ತಿದ್ದಲು ಕೂತಳು.

ಆ ಸಾಲಿನ ಮೂರನೆಯ ಹೆಸರು ಅವಳ ಅಪ್ಪ ನಲ್ಲಪ್ಪನವರದು. ಕಾಲೇಜು ಶುರುವಾದದ್ದು ಕೆಂಚಾರ್ಲಹಳ್ಳಿ ರಸ್ತೆಯಲ್ಲಿ ಬಾಡಿಗೆಗೆ ಸಿಕ್ಕಿದ ರೇಷ್ಮೆಹುಳು ಸಾಕುವ ಮನೆಯಲ್ಲಿ. ಅದಕ್ಕೆ ಸುಣ್ಣ ಹೊಡೆದವರು ನಲ್ಲಪ್ಪ ಮೇಷ್ಟ್ರು. ಮೊದಲ ದಿನ ಗ್ರೂಪ್ ಫೋಟೋಕ್ಕೆ ಎಲ್ಲರೂ ನಿಂತಾಗ ಕ್ಯಾಮೆರಾ ಯಾರ ಕೈಗೆ ಕೊಡುವುದೆಂದು ಯಾರೂ ಯೋಚಿಸಲಿಲ್ಲ, ಅವರ ಕೈಗೇ ಕೊಟ್ಟರು. ಆ ಫೋಟೋ ಈಗಲೂ ಕಾರ್ಯದರ್ಶಿಗಳ ಕೋಣೆಯಲ್ಲಿದೆ, ಅದರಲ್ಲಿ ನಾಲ್ವರಿದ್ದಾರೆ. ನಲ್ಲಪ್ಪ ಈ ಸಂಗತಿಯನ್ನು ನಗುತ್ತಲೇ ಹೇಳುತ್ತಿದ್ದರು, ಆದರೆ ಪ್ರತಿ ವರ್ಷವೂ ಹೇಳುತ್ತಿದ್ದರು.

ಐದೂ ಹೆಸರು ಒಟ್ಟಿಗೆ ಬರುತ್ತವೆಂದು ಮಗಳು ಹೇಳಿದಂದಿನಿಂದ ಅವರಿಗೆ ಅದೇ ಧ್ಯಾನ. ಸಂಜೆ ಅವಳು ಬಸ್ಸಿಳಿದು ಬರುವುದನ್ನೇ ಕಾಯುತ್ತಿದ್ದರು, ಸಾಲು ನಿಂತಿತೇ ಎಂದು ಕೇಳುತ್ತಿದ್ದರು. ‘ಫೋನಿನ ಅಗಲ ಸಾಲ್ದಿದ್ರೆ ಸಾಲು ತಾನೇ ಮುರ್ಕೊಂಡು ಕೆಳಕ್ಕೋಗ್ತದೆ ಕಣಪ್ಪ, ಯಾರೂ ಬೇಕೂಂತ ಮಾಡೋದಲ್ಲ’ ಎಂದು ಅವಳು ಬಿಡಿಸಿ ಹೇಳಿದ್ದಳು.

ಎರಡು ದಿನ ಅವಳು ಆ ಒಂದು ಸಾಲಿನ ಜೊತೆ ಗುದ್ದಾಡಿದಳು. ಒಂದು ಫೋನಿನಲ್ಲಿ ರಮೇಶ್ ಬಾಬು ಎಂಬ ಒಂದೇ ಹೆಸರು ತುಂಡಾಗಿ ರಮೇಶ್ ಮೇಲೆ, ಬಾಬು ಕೆಳಗೆ. ಎರಡರ ನಡುವೆ ಮುರಿಯದ ಸ್ಪೇಸ್ ಹಾಕಿ ಆ ಮನುಷ್ಯನನ್ನು ಒಂದು ಮಾಡಿದಳು. ಇಡೀ ಸಾಲು ಮುರಿಯಕೂಡದು ಎಂದು ಕೋಡಿನಲ್ಲಿ ಬರೆದಳು. ಒಂದು ಮೇಲ್ ಆ್ಯಪ್ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಇನ್ನೊಂದು ಎಷ್ಟು ವಿಧೇಯವಾಗಿ ಕೇಳಿತೆಂದರೆ ಸಾಲು ಪರದೆಯಾಚೆ ಓಡಿಹೋಗಿ ಮುರಳಿಮೋಹನ್ ಕಾಣಿಸದೇ ಹೋದರು. ಕೊನೆಗೆ ಐದು ಮನೆಗಳ ಟೇಬಲ್ ಮಾಡಿ ಒಂದೊಂದರಲ್ಲಿ ಒಬ್ಬೊಬ್ಬರನ್ನು ಕೂರಿಸಿ, ಅಕ್ಷರ ಸಣ್ಣದು ಮಾಡಿದಳು. ಸಾಲು ಎಲ್ಲ ಕಡೆ ನಿಂತಿತು. ಅಂದು ಮನೆಗೆ ಹೋಗಿ ನಿಂತಿತು ಎಂದು ಹೇಳಿಯೂಬಿಟ್ಟಳು. ಅಪ್ಪ ಆ ರಾತ್ರಿ ಎರಡು ಮುದ್ದೆ ಉಂಡರು.

ಬೆಳಿಗ್ಗೆ ದಕ್ಷಿಣಾಮೂರ್ತಿ ಫೋನನ್ನು ಮೂಗಿಗೆ ತಾಗಿಸಿಕೊಂಡು ನೋಡಿ, ಇರುವೆ ಸಾಲಿನ ಹಾಗಿದೆ, ತಮ್ಮ ಹೆಸರೇ ತಮಗೆ ಓದಲಾಗುತ್ತಿಲ್ಲ ಎಂದರು. ಒಂದರ ಕೆಳಗೊಂದು ಬರೆಯೋಣವೇ ಎಂದು ಅಮೃತ ಕೇಳಿದಳು. ಅದು ಹಾಜರಿ ಪುಸ್ತಕದಂತೆ ಕಾಣುತ್ತದಂತೆ. ಆಹ್ವಾನದಲ್ಲಿ ಹೆಸರುಗಳ ಮೇಲೆಯೇ ಹಾಕಿದ್ದ ಆ ಹಳೆಯ ಗ್ರೂಪ್ ಫೋಟೋವನ್ನು ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಹಳ ಮೃದುವಾಗಿ ಹೇಳಿದರು:

‘ನಾಲ್ಕಾದ್ರೆ ದಪ್ಪಕ್ಷರದಲ್ಲೇ ಹಿಡಿಯುತ್ತಲ್ವೇನಮ್ಮ? ನಿಮ್ಮ ತಂದೆಯವರನ್ನ ಕೆಳಗೆ ಹಾಕ್ಬಿಡು. ದೊಡ್ಡ ಮನಸ್ಸಿನವ್ರು, ಏನೂ ಅನ್ಕೊಳಲ್ಲ. ಫೋಟೋದಲ್ಲೂ ನಾಲ್ಕೇ ಜನ ನೋಡು, ಸರಿಹೊಂದುತ್ತೆ.’

‘ತಾರೀಖಿನ ಪ್ರಕಾರ ಅಪ್ಪ ಮೂರನೇವ್ರು, ಸಾರ್.’

‘ತಾರೀಖು ಯಾರು ಕೇಳ್ತಾರಮ್ಮ.’

ಜಾಗದ ಮಾತೇ ಆಗಿದ್ದರೆ, ಐದರಲ್ಲಿ ಅತಿ ಹೆಚ್ಚು ಜಾಗ ತಿನ್ನುವ ಹೆಸರುಗಳು ದಕ್ಷಿಣಾಮೂರ್ತಿಯವರದೂ ಅವರ ಭಾವಮೈದುನನದೂ. ನಲ್ಲಪ್ಪ ಎಂಬ ಮೂರಕ್ಷರ ಯಾವ ಸಂದಿಯಲ್ಲಾದರೂ ಹಿಡಿಯುತ್ತದೆ. ಅಮೃತಳಿಗೆ ಇದು ನಾಲಿಗೆ ತುದಿಗೆ ಬಂತು. ಕಾರ್ಯದರ್ಶಿಗಳ ಮೇಜಿನ ಮೇಲೆ ಅವಳ ಕೆಲಸ ಕಾಯಂ ಮಾಡುವ ಕಾಗದವೂ ಇತ್ತು, ಸಹಿ ಬಿದ್ದಿರಲಿಲ್ಲ. ಅವಳು ತನ್ನ ಕಂಪ್ಯೂಟರಿಗೆ ವಾಪಸಾದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಎರಡು ದಿನ ಯಾವುದನ್ನು ತಡೆಯಲು ಒದ್ದಾಡಿದ್ದಳೋ ಅದನ್ನು ತನ್ನ ಕೈಯಾರೆ, ಒಂದೇ ಸಣ್ಣ ಕೋಡಿನಲ್ಲಿ ಮಾಡಿದಳು. ಈ ಸಲ ಯಾವ ಫೋನೂ, ಯಾವ ಆ್ಯಪೂ ತಕರಾರು ತೆಗೆಯಲಿಲ್ಲ. ಎಲ್ಲ ಕಡೆಯೂ ನಲ್ಲಪ್ಪ ಅಚ್ಚುಕಟ್ಟಾಗಿ ಕೆಳಗೆ ಬಂದರು.

ಸಂಜೆ ಅವಳು ಬರುವಷ್ಟರಲ್ಲಿ ಮೇಲ್ ಅಪ್ಪನಿಗೂ ಬಂದಿತ್ತು. ಜಗಲಿಯಲ್ಲಿ ಕೂತು ಕನ್ನಡಕ ಒರೆಸಿಕೊಂಡು ನೋಡುತ್ತಿದ್ದರು. ಬೆರಳಿನಿಂದ ಹಿಗ್ಗಿಸಿದರು, ಕುಗ್ಗಿಸಿದರು. ಫೋನನ್ನು ಅಡ್ಡ ತಿರುಗಿಸಿದರು. ಮೇಲಿನ ಸಾಲಿನಲ್ಲಿ ನಾಲ್ಕು ಹೆಸರು, ಅವುಗಳ ಪಕ್ಕ ಅರ್ಧ ಪರದೆ ಖಾಲಿ. ಕೆಳಗೆ ಅವರದೊಂದೇ ಹೆಸರು. ಆ ಖಾಲಿ ಜಾಗವನ್ನು ಅವರು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಅಮೃತ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಿದ್ದಳು.

ಅಪ್ಪ ಫೋನ್ ಆರಿಸಿ ಜೇಬಿಗಿಟ್ಟುಕೊಂಡರು.

‘ನಂದು ಚಿಕ್ಕ ಫೋನು ಕಣಮ್ಮ’ ಎಂದರು. ‘ಅಗಲ ಸಾಲ್ದೆ ತಾನೇ ಕೆಳಕ್ಕೋಗ್ಯದೆ.’

‘ಹೂಂ ಕಣಪ್ಪ’ ಎಂದಳು ಅಮೃತ.