ಮಗು ಒಂದರಿಂದ ಮುನ್ನೂರ ಹನ್ನೆರಡು

ಹೆರಿಗೆ ಆಸ್ಪತ್ರೆಯಲ್ಲಿ ಹಸುಗೂಸುಗಳ ಫೋಟೊ ತೆಗೆಯುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ಪ್ರತಿ ಫೋಟೊ ಫೈಲಿಗೂ ತಾಯಿಯ ಹೆಸರನ್ನು ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೆ. ನೋಡಲಾರದೆ ಭಾವಮೈದುನ ಉಪಾಯ ಹೇಳಿಕೊಟ್ಟ: "ಎಲ್ಲಾ ಸೆಲೆಕ್ಟ್ ಮಾಡಿ, ಎಫ್ ಟೂ ಒತ್ತಿ, ಒಂದು ಹೆಸರು ಹೊಡೆದು ಎಂಟರ್ ಕೊಡಿ ಭಾವ. ಕ್ಷಣದಲ್ಲಿ ಮುಗಿಯುತ್ತೆ."

ಮುಗಿಯಿತು. 'ಮಗು' ಎಂದು ಹೊಡೆದೆ. ವರ್ಷವಿಡೀ ಬರೆದಿಟ್ಟಿದ್ದ ತಾಯಂದಿರ ಹೆಸರೆಲ್ಲ ಅಳಿಸಿಹೋಗಿ, ಮಗು ಒಂದರಿಂದ ಮುನ್ನೂರ ಹನ್ನೆರಡರವರೆಗೆ ಸಾಲಾಗಿ ನಿಂತವು. ಮಹಾ ಜಾಣ ನಾನು, ಬೀಗುತ್ತಾ ಕಂಪ್ಯೂಟರ್ ಆರಿಸಿ ಮನೆಗೆ ಹೋದೆ. ಮರುದಿನ ತಪ್ಪು ತಿಳಿಯುವಷ್ಟರಲ್ಲಿ ಹಳೆಯ ಹೆಸರುಗಳನ್ನು ವಾಪಸ್ ತರುವ ದಾರಿ ಮುಚ್ಚಿತ್ತು. ಭಾವಮೈದುನನಿಗೆ ಫೋನ್ ಮಾಡಿದೆ. "ಅಯ್ಯೋ, ಹಳೇದನ್ನೂ ಸೇರಿಸಿಬಿಟ್ರಾ?" ಎಂದು ಫೋನಿಟ್ಟ, ಆ ಪುಣ್ಯಾತ್ಮ.

ಆ ಮಧ್ಯಾಹ್ನವೇ ಒಬ್ಬ ಹೆಂಗಸು ಬಂದಳು. "ಅಣ್ಣಾ, ನನ್ನ ಮಗೂದು ಫೋಟೊ ಬೇಕಿತ್ತು. ಅವನು ಎರಡೇ ದಿನ ಇದ್ದದ್ದು. ಬೇರೆ ಫೋಟೊ ಇಲ್ಲ."

ಹೆಸರೆಲ್ಲ ಅಳಿಸಿಹೋಗಿದೆ, ನೀವೇ ನೋಡಿ ಹುಡುಕಬೇಕು ಎಂದೆ. ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಟ್ಟೆ.

"ನೋಡಿದ ತಕ್ಷಣ ಗೊತ್ತಾಗುತ್ತೆ ಬಿಡಿ" ಎಂದು ಕೂತಳು.

ಅದೇ ಬಿಳಿ ಬಟ್ಟೆ, ಅದೇ ಮುಚ್ಚಿದ ಕಣ್ಣು, ಒಂದಾದ ಮೇಲೊಂದು. ನಲವತ್ತನೆಯದರಲ್ಲಿ ಅವಳ ಕೈ ನಿಂತಿತು. ನನಗೆ ಹೋದ ಜೀವ ಬಂದಂತಾಯಿತು.

"ಇದೂ ಅವನ ಹಾಗೇ ಇದೆಯಲ್ಲಣ್ಣಾ" ಎಂದಳು.