ಡಾಬಕಾ ಹೊಲಕ್ಕೆ ಇಳಿದ ಕರೆಂಟು

ಮೋಡವಿಲ್ಲದ ಬಾಹ್ಯಾಕಾಶದಲ್ಲಿ ಸೌರಫಲಕ ಹರಡಿ, ಅಲ್ಲಿನ ವಿದ್ಯುತ್ತನ್ನು ಮೈಕ್ರೋವೇವ್ ಅಲೆಗಳಾಗಿ ಭೂಮಿಗೆ ಕಳಿಸಬಹುದು ಎಂಬುದು ಆಮ್ರಪಾಲಿಯ ಹುಚ್ಚು. ಭಾಲ್ಕಿಯ ಕಾಲೇಜಿನಲ್ಲಿ ಪಾಠ ಮಾಡುವ ಅವಳಿಗೆ ಉಪಗ್ರಹ ಎಲ್ಲಿಂದ ಬರಬೇಕು? ಬೀದರಿನಿಂದ ಬರುವ ವಿದ್ಯಾರ್ಥಿನಿ ಶೈಸ್ತಾಳನ್ನು ಜೊತೆಮಾಡಿಕೊಂಡು ಅದರ ಬದಲು ದೊಡ್ಡ ಬಲೂನೊಂದಕ್ಕೆ ಫಲಕವನ್ನೂ ಅಲೆ ಕಳಿಸುವ ಯಂತ್ರವನ್ನೂ ಕಟ್ಟಿದಳು. ಔರಾದ ತಾಲೂಕಿನ ಡಾಬಕಾದಲ್ಲಿ ಸೋದರತ್ತೆ ಕೇಶರಬಾಯಿಯ ಸೋಯಾ ರಾಶಿ ಮುಗಿದು ಹೊಲ ಖಾಲಿಯಾಗಿತ್ತು. ಇಬ್ಬರೂ ಸಾಮಾನು ಹೇರಿಕೊಂಡು ಅಲ್ಲಿಗೇ ಹೋದರು.

ಹಗ್ಗ ಸಡಿಲಿಸಿದಂತೆ ಬಲೂನು ಬೇವಿನ ಮರ ದಾಟಿ ಮೇಲೇರಿತು. ಕೆಳಗೆ, ಅಲೆಗಳನ್ನು ಹಿಡಿದು ಮತ್ತೆ ವಿದ್ಯುತ್ ಮಾಡುವ ತಂತಿಯ ಜಾಳಿಗೆ. ಮಂಚದಷ್ಟು ಅಗಲದ ಅದರ ಚೌಕಟ್ಟಿಗೆ ಪುಟ್ಟ ಬಲ್ಬು.

ಬಲ್ಬು ಹತ್ತಲಿಲ್ಲ.

"ಗಾಳಿ ಬಲೂನ್ ಜಗ್ಗಲಾಕತ್ತದರಿ ಮೇಡಂ," ಎಂದಳು ಶೈಸ್ತಾ. "ಕಿರಣ ಬ್ಯಾರೆ ಕಡಿ ಬೀಳ್ತದ."

ಆಮ್ರಪಾಲಿ ಹಗ್ಗ ಎಳೆದಳು. ಬಲೂನು ಇತ್ತ ಬರಲಿಲ್ಲ. ಒಂದು ಗಳಿಗೆ ಮೇಲೆ ನೋಡಿ, ಹಗ್ಗವನ್ನು ಗೂಟಕ್ಕೆ ಬಿಗಿದು ಬಂದಳು.

"ಜಾಳಗಿ ಎತ್ತು, ಶೈಸ್ತಾ. ಅದು ನಮ್ಮ ಕಡಿ ಬರಂಗಿಲ್ಲ ಅಂದ್ರ ನಾವೇ ಹೋಗೂಣು."

ಬದುವಿನ ಮೇಲಿದ್ದ ಕೇಶರಬಾಯಿ ಎದ್ದು ಬಂದಳು. "ಆ ಕಿರಣ ಮೈ ಸುಡ್ತದೇನು?"

"ಇಲ್ಲ ಆತ್ಯಾ. ಈ ಬಿಸಿಲಿಗಿಂತ ಕಮ್ಮಿ."

"ಹಂಗಾದ್ರ ನಾನೂ ಹಿಡೀತೇನಿ."

ಮೂವರೂ ಚೌಕಟ್ಟು ಹೊತ್ತು ಕೂಳೆಯ ಮೇಲೆ ನಡೆದರು. ಪಕ್ಕದ ತೊಗರಿಸಾಲಿನ ಹತ್ತಿರ ಬಲ್ಬು ಕಣ್ಣು ಮಿಟುಕಿಸಿ ಆರಿತು.

"ಕಿರಣ ಸಿಕ್ತು," ಎಂದಳು ಶೈಸ್ತಾ. "ಎಡಕ್ಕ ನಡೀರಿ ಆತ್ಯಾ, ಎಡಕ್ಕ."

ಈಗ ಓಟ ಶುರುವಾಯಿತು. ಗಾಳಿ ಬಲೂನನ್ನು ಎಳೆದತ್ತ ಅವರೂ ಓಡಿದರು. ಬಲ್ಬು ಹತ್ತುವುದು, ಆರುವುದು, ಮತ್ತೆ ಹತ್ತುವುದು. ಶೈಸ್ತಾಳ ಚಪ್ಪಲಿ ಹೆಂಟೆಗಳ ನಡುವೆ ಉಳಿಯಿತು. ಕೇಶರಬಾಯಿ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದಿದ್ದಳು. ಗಾಳಿ ಇಳಿದಾಗ ಮೂವರೂ ಏದುಸಿರು ಬಿಡುತ್ತ ನಿಂತರು. ಬಲ್ಬು ಉರಿಯುತ್ತಲೇ ಇತ್ತು.

ಆಮ್ರಪಾಲಿ ಬಲ್ಬು ಬಿಚ್ಚಿ ಅಂಗೈಯಗಲದ ಫ್ಯಾನು ಜೋಡಿಸಿದಳು. ರೆಕ್ಕೆ ಗರ್ರನೆ ತಿರುಗಿತು. ಕೇಶರಬಾಯಿ ಬೆವೆತ ಮುಖವನ್ನು ಅದರ ಎದುರು ಒಡ್ಡಿದಳು.

"ಬಿಸಿಲಿಂದ ಬಂದದ್ದಾದ್ರೂ ಗಾಳಿ ತಂಪೇ ಅದ," ಎಂದಳು.

ಬಲೂನು ಇಳಿಸಿ, ಸಾಮಾನು ಅತ್ತೆಯ ಮನೆಯಲ್ಲೇ ಇಟ್ಟು, ಆಮ್ರಪಾಲಿ, ಶೈಸ್ತಾ ಇಬ್ಬರೂ ಔರಾದಕ್ಕೆ ಬಂದು ಬೀದರಿನ ಬಸ್ಸು ಹತ್ತಿದರು. ಮುಂದಿನ ಸಲ ಜಾಳಿಗೆಯೇ ಮೇಲಕ್ಕೊಂದು ಸಂಕೇತ ಕಳಿಸಬೇಕು, ಕಿರಣ ಅದನ್ನು ಹುಡುಕಿಕೊಂಡು ಬರಬೇಕು ಎಂದಳು ಶೈಸ್ತಾ. ಅದು ಹೇಗೆ ಎಂಬ ವಾದ ದಾರಿಯ ಜನವಾಡ ಊರು ದಾಟಿದರೂ ನಿಲ್ಲಲಿಲ್ಲ. ಬೀದರ ಬಸ್‌ಸ್ಟ್ಯಾಂಡಿನಲ್ಲಿ ಆಮ್ರಪಾಲಿ ಹತ್ತಬೇಕಿದ್ದ ಭಾಲ್ಕಿಯ ಬಸ್ಸು ಅವರ ಎದುರೇ ತುಂಬಿ ಹೊರಟುಹೋಯಿತು. ಇಬ್ಬರೂ ಅದನ್ನು ನೋಡಲೇ ಇಲ್ಲ.