ಲಿವರಿನೊಳಗಿನ ಗಾರೆಯವರು

ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು, ರೋಗಿಗಳ ದೇಹದಿಂದ ತೆಗೆದ ಚೂರುಗಳಿಗೆ ಪರೀಕ್ಷೆಗಾಗಿ ಬಣ್ಣ ಹಾಕುವ ಅಕ್ಕನಿಗೆ ಊರವರ ಲಿವರುಗಳೆಲ್ಲ ಪರಿಚಯ. ತಮ್ಮನದೂ ಒಂದು ದಿನ ಗಾಜಿನ ಪಟ್ಟಿಯ ಮೇಲೆ ಕೈಗೆ ಬರುತ್ತದೆಂದು ಮಾತ್ರ ಅವಳು ಎಣಿಸಿರಲಿಲ್ಲ. ತಮ್ಮ ಗಾರೆ ಕೆಲಸದವನು. ಅವನು ಮೆತ್ತಿದ ಗೋಡೆಯ ಮೇಲೆ ಇರುವೆಯೂ ಜಾರಬೇಕು. ಸಂಜೆಯಾದರೆ ಬಾಟಲಿಯೇ ಬಂಧು ಬಳಗ. ಪಕ್ಕೆಗೆ ಸೂಜಿ ಚುಚ್ಚಿ ಚೂರು ತೆಗೆದ ಡಾಕ್ಟರು, "ಇನ್ನೂ ಕುಡಿದರೆ ಲಿವರ್ ಕಲ್ಲಾಗುತ್ತೆ. ಈಗ ಬಿಟ್ರೆ ಉಳೀಬಹುದು" ಎಂದಿದ್ದರು. ಅಕ್ಕ ವರ್ಷಗಟ್ಟಲೆ ಹೇಳಿದ್ದೂ ಅದನ್ನೇ. ಎಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಕೊನೆಗೆ ಡಾಕ್ಟರನ್ನು ಕೇಳಿಕೊಂಡು, ಅವನನ್ನೇ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

"ಕೆಂಪಗಿರೋದು ನಿನ್ನ ಲಿವರ್. ನೀಲಿ ಎಲ್ಲಾ ಗಾಯದ ಕಲೆ."

ಕಸುಬುದಾರನ ಕಣ್ಣು ಅಲ್ಲೂ ತಪ್ಪು ಹುಡುಕಿತು. "ಥೂ, ಯಾರಕ್ಕಾ ಹೀಗೆ ಸಂದಿಗೊಂದಿಗೆಲ್ಲಾ ಗಾರೆ ಮೆತ್ತಿದ್ದು? ಗಾಳಿ ಆಡೋಕೂ ಜಾಗ ಬಿಟ್ಟಿಲ್ಲ!"

ಅಕ್ಕನಿಗೆ ಸಿಟ್ಟೂ ಬಂತು, ನಗುವೂ ಬಂತು. "ಅಲ್ಲಿ ಪುಟ್ಟ ಜೀವಕೋಶಗಳಿವೆ ಕಣೋ. ಕೊಬ್ಬಿನ ಹನೀಲಿ ವಿಟಮಿನ್ ಇಟ್ಕೊಂಡು ತಮ್ಮ ಪಾಡಿಗೆ ಮಲಗಿರ್ತವೆ. ಹೆಂಡ ಒಳಗೆ ಸುಟ್ಟಾಗ ಪಕ್ಕದ ಕೋಶಗಳು ಕೂಗ್ತವೆ. ಇವು ಎದ್ದು, ಆ ಕೊಬ್ಬು ಚೆಲ್ಲಿ, ಗಾಯಕ್ಕೆ ನಾರು ಮೆತ್ತುತ್ತವೆ. ಒಂದು ದಿನದ ಗಾಯ ಆದ್ರೆ ಮುಚ್ಚಿ ಮಲಗ್ತಿದ್ವು. ನೀನು ದಿನಾ ಸಂಜೆ ಕೂಲಿ ಕೊಟ್ಟು ಕರೆಸಿದ್ರೆ ಪಾಪ, ಅವೇನ್ ಮಾಡ್ತವೆ?"

ತಮ್ಮ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. "ಕೂಲಿ ನಿಲ್ಸಿದ್ರೆ?"

"ಬಹಳಷ್ಟು ಮತ್ತೆ ಮಲಗ್ತವೆ. ತೆಳು ನಾರು ನಿಧಾನಕ್ಕೆ ಕರಗುತ್ತೆ. ದಪ್ಪ ಕಲೆ ಪೂರ್ತಿ ಹೋಗುತ್ತೆ ಅಂತ ಮಾತ್ರ ಹೇಳಲ್ಲ."

ಅವನು ತಾನಾಗಿಯೇ ಕುಡಿತ ಬಿಡಿಸುವ ವಾರ್ಡಿಗೆ ಸೇರಿದ. ಹೊರಬಂದ ಮೇಲೂ ಕೆಲವು ದಿನ ಗಾರೆ ಮೆತ್ತುವ ಕರಣೆ ಕೈಯಿಂದ ಜಾರುತ್ತಿತ್ತು. ಜೊತೆಗಾರರು ಸಂಜೆ ಕರೆದರೆ, "ಬೇಡ್ರಪ್ಪಾ, ನನ್ನೊಳಗಿನ ಗಾರೆಯವರಿಗೆ ರಜೆ ಕೊಟ್ಟಿದ್ದೀನಿ" ಎನ್ನುತ್ತಿದ್ದ. ಅಕ್ಕನಿಗೆ ನಂಬಿಕೆ ಬರಲಿಲ್ಲ. ಅವನ ಆಣೆಗಳನ್ನು ಕೇಳಿ ಕೇಳಿ ಸವೆದ ಕಿವಿ ಅವಳದು. ಮನೆಗೆ ಬಂದಾಗಲೆಲ್ಲ ಅನ್ನ ಬಡಿಸುವ ನೆಪದಲ್ಲಿ ಬಗ್ಗಿ ಉಸಿರು ಮೂಸುತ್ತಿದ್ದಳು. ಅವನಿಗೂ ಗೊತ್ತಿತ್ತು. ತಾನೇ ಬಾಯಿ ತೆರೆದು ತೋರಿಸುತ್ತಿದ್ದ.

ಮರುವರ್ಷ ಡಾಕ್ಟರು ಪಕ್ಕೆಗೆ ಯಂತ್ರ ಒತ್ತಿ ಲಿವರಿನ ಗಡಸುತನ ಅಳೆದರು. ನಂಬಲಾಗದೆ ಇನ್ನೊಮ್ಮೆ ಅಳೆದರು. "ಮೆತ್ತಗಾಗಿದೆ. ಪೂರ್ತಿ ಅಲ್ಲ, ಆದ್ರೆ ಚೆನ್ನಾಗೇ ಮೆತ್ತಗಾಗಿದೆ."

"ಅಯ್ಯೋ ನನ್ನಪ್ಪಾ!" ಎಂದು ಅಕ್ಕ ಸೂರು ಹಾರುವಂತೆ ಕೂಗಿ ಅತ್ತೇಬಿಟ್ಟಳು.

ಮಂಚದ ಮೇಲಿದ್ದ ತಮ್ಮ ಗಾಬರಿಯಿಂದ ಪಕ್ಕೆಯ ಮೇಲೆ ಅಂಗೈ ಇಟ್ಟುಕೊಂಡ.

"ಮೆಲ್ಲಗೆ, ಅಕ್ಕಾ," ಎಂದ. "ಈಗ ತಾನೇ ಮಲಗಿದ್ದಾರೆ."